ಹಳೆಯ ಬೈಕ್: ಮೈಲೇಜೋ, ಬೆಲೆಯೋ?

ತಮ್ಮನಿಗೆ ಸೆಕೆಂಡ್ ಹ್ಯಾಂಡ್ ಬೈಕ್ ಹುಡುಕುತ್ತಿದ್ದೇವೆ. ಲೀಟರಿಗೆ 60 ಕಿ.ಮೀ. ಓಡುವ ಗಾಡಿಗೆ 15,000 ರೂಪಾಯಿ ಹೆಚ್ಚು ಕೊಡಬೇಕೇ, 45 ಓಡುವ ಅಗ್ಗದ ಗಾಡಿಯೇ ಸಾಕೇ ಎಂಬುದು ಮನೆಯಲ್ಲಿ ಎದ್ದಿರುವ ಪ್ರಶ್ನೆ. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ ಉಳಿಯುವುದು ಸುಮಾರು ಐದೂವರೆ ಲೀಟರ್ ಪೆಟ್ರೋಲ್. ಲೀಟರಿಗೆ 100 ರೂಪಾಯಿ ಎಂದು ಹಿಡಿದರೆ, ಹೆಚ್ಚಿಗೆ ಕೊಟ್ಟ ಹಣ ಹುಟ್ಟಲು ಎರಡು ವರ್ಷಕ್ಕೂ ಮೇಲೆ ಬೇಕು. ಅಷ್ಟು ಓಡಾಟವಿಲ್ಲದವರು ಮೈಲೇಜಿಗೆ ಮರುಳಾಗಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಮೀಟರ್ 8,000 ಕಿ.ಮೀ. ತೋರಿಸುತ್ತಿದ್ದರೂ ಫುಟ್‌ರೆಸ್ಟಿನ ರಬ್ಬರ್ ಸವೆದು ನುಣುಪಾಗಿ, ಚೈನ್ ಕೂರುವ ಚಕ್ರದ (ಸ್ಪ್ರಾಕೆಟ್) ಹಲ್ಲುಗಳು ಚೂಪಾಗಿದ್ದರೆ, ಮೀಟರನ್ನು ಹಿಂದಕ್ಕೆ ತಿರುಗಿಸಿರುವ ಅನುಮಾನ ಬರುತ್ತದೆ; ಆ ಗಾಡಿ ಎಷ್ಟೇ ಅಗ್ಗವಾಗಿದ್ದರೂ ನಮಗೆ ಬೇಡ. ನೋಂದಣಿಯ 15 ವರ್ಷಗಳಲ್ಲಿ ಇನ್ನೆಷ್ಟು ಉಳಿದಿದೆ ಎಂಬುದನ್ನು ಆರ್.ಸಿ.ಯಲ್ಲಿ ನೋಡಿಕೊಂಡ ಮೇಲೆಯೇ ಮುಂಗಡ ಕೊಡಬೇಕೆಂದು ತಮ್ಮನಿಗೆ ಹೇಳಿದ್ದೇನೆ.