ಜೇಡರ ಬಲೆಗೆ ಬಂದ ಸೂರಕ್ಕಿ

ಬೆಳಗ್ಗೆಯಿಂದ ಒಂದು ಹೆಣ್ಣು ಸೂರಕ್ಕಿ ಕಿಟಕಿಯ ಮೂಲೆಗೆ ಬಂದು ಹೋಗುತ್ತಲೇ ಇದೆ. ಹೂವಿಗಲ್ಲ, ಅಲ್ಲಿರುವ ಜೇಡರ ಬಲೆಗೆ! ರೆಕ್ಕೆ ಬಡಿಯುತ್ತಾ ಗಾಳಿಯಲ್ಲೇ ನಿಂತು, ಬಾಗಿದ ಕೊಕ್ಕಿಗೆ ಎಳೆ ಸುತ್ತಿಕೊಂಡು ದಾಸವಾಳದ ಗಿಡಕ್ಕೆ ಹಾರುತ್ತದೆ. ಅಲ್ಲಿ ಕೊಂಬೆಯ ತುದಿಯಲ್ಲಿ ಗೂಡು ನೇತಾಡುತ್ತಿದೆ. ಒಣ ಹುಲ್ಲು, ತೊಗಟೆ ಚೂರು, ನಾರು ಎಲ್ಲವನ್ನೂ ಹಿಡಿದಿಟ್ಟಿರುವುದು ಆ ಬಲೆಯ ಎಳೆಯೇ. ಪಕ್ಕದಲ್ಲೊಂದು ಬಾಗಿಲು, ಅದರ ಮೇಲೆ ಪುಟ್ಟ ಸೂರು. ಇಷ್ಟೆಲ್ಲ ಮಾಡುವ ಹಕ್ಕಿ 10 ಸೆಂಟಿಮೀಟರ್ ಉದ್ದವೂ ಇಲ್ಲ!

ಗಂಡು ಹತ್ತಿರದಲ್ಲೇ ಕೂತು ಕೂಗುತ್ತಿದೆ. ಗೂಡು ಕಟ್ಟುವ ಕೆಲಸ ಹೆಚ್ಚಾಗಿ ಹೆಣ್ಣಿನದೇ. ಮರಿಗಳಿಗೆ ಉಣಿಸುವಾಗ ಗಂಡೂ ಸೇರಿಕೊಳ್ಳುತ್ತದೆ.

ಮಕರಂದ ಹೀರುವ ಹಕ್ಕಿ ಅಂತ ನಾವು ಹೂಗಿಡ ನೆಡುತ್ತೇವೆ. ಒಳ್ಳೆಯದೇ. ಆದರೆ ಮರಿಗಳಿಗೆ ಜಾಸ್ತಿ ಬೇಕಾಗುವುದು ಪುಟ್ಟ ಹುಳು, ಜೇಡ. ಗಿಡಕ್ಕೆಲ್ಲ ಔಷಧಿ ಹೊಡೆದುಬಿಟ್ಟರೆ ಅವು ಎಲ್ಲಿಂದ ಸಿಗಬೇಕು, ಅಲ್ವಾ? ಎಲೆಯಲ್ಲಿ ನಾಲ್ಕು ತೂತು ಬಿದ್ದರೆ ಬೀಳಲಿ ಬಿಡಿ. ಹಣ್ಣು ತಿನ್ನುವ ಪಿಕಳಾರ ಕೂಡ ತನ್ನ ಮರಿಗಳಿಗೆ ಹುಳು ಹುಡುಕಿಕೊಂಡು ಇದೇ ಗಿಡಗಳಿಗೆ ಬರುತ್ತದೆ.