ಅದು ತೋಟದ ವಿಷಯ, ಇದು ರೆಕಾರ್ಡ್

ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತು. ಈ ವಾರವೆಲ್ಲ ನನ್ನ ಮೇಜಿನ ಮೇಲೆ ಸೆಕೆಂಡ್ ಪಿಯು ಮಕ್ಕಳ ಬಯಾಲಜಿ ರೆಕಾರ್ಡುಗಳದ್ದೇ ರಾಶಿ. ಅಕ್ಷರ ಚೆಂದ, ಚಿತ್ರ ಚೆಂದ. ಆದರೆ ಮಣ್ಣಿನ ಪ್ರಯೋಗದ ಪುಟ ತೆರೆದರೆ ಸಾಲುಸಾಲಾಗಿ ಒಂದೇ ಮಾತು: 'ಪಿಎಚ್ 7, ತಟಸ್ಥ.' ಪಿಎಚ್ ಅಂದರೆ ಹುಳಿಯ ಅಳತೆ: 7ಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ಮಲೆನಾಡಿನ ಮೂಡಿಗೆರೆ ಕಡೆಯ ಹುಡುಗನದ್ದೂ 7, ಬಯಲುಸೀಮೆಯ ಅಜ್ಜಂಪುರದ ಹುಡುಗಿಯದ್ದೂ 7.

ಚಿಕ್ಕಮಗಳೂರು ಜಿಲ್ಲೆಯಲ್ಲಿ ಇದು ಆಗುವ ಮಾತಲ್ಲ. ಮಲೆನಾಡಿನ ಮಳೆ ಮಣ್ಣಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ತೊಳೆದುಕೊಂಡು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ, ಯೂರಿಯಾದಂಥ ಗೊಬ್ಬರ ಹುಳಿಯನ್ನು ಇನ್ನಷ್ಟು ಏರಿಸುತ್ತದೆ. ಬಯಲುಸೀಮೆಯ ಎರೆಮಣ್ಣು ಸಾಮಾನ್ಯವಾಗಿ ಕ್ಷಾರದ ಕಡೆಗೆ. ಒಂದೇ ಜಿಲ್ಲೆಯೊಳಗೆ ಇಷ್ಟು ಬೇರೆ ಬೇರೆ ಮಣ್ಣು ಇಟ್ಟುಕೊಂಡು ಇಡೀ ಕ್ಲಾಸಿಗೆ 7 ಬಂದಿದೆ ಅಂದರೆ, ಅದು ಬಂದಿದ್ದು ಮಣ್ಣಿನಿಂದಲ್ಲ, ಹೋದ ವರ್ಷದವರ ರೆಕಾರ್ಡಿನಿಂದ.

ಒಂದು ಪುಸ್ತಕದಲ್ಲಿ ಮಾತ್ರ ಆ 7ರ ಸುತ್ತ ಕಾಗದ ಉಜ್ಜಿ ಉಜ್ಜಿ ತೆಳ್ಳಗಾಗಿತ್ತು. ಕಿಟಕಿ ಬೆಳಕಿಗೆ ಹಿಡಿದರೆ ಕೆಳಗೆ ಪೆನ್ಸಿಲಿನ 5. ಹೊಟ್ಟೆಯ ಗೆರೆ ಪೂರ್ತಿ ಹೋಗಿರಲಿಲ್ಲ. ಅದರ ಮೇಲೆಯೇ ನೀಲಿ ಪೆನ್ನಿನಲ್ಲಿ ಒತ್ತಿ ಬರೆದ 7. ಹುಡುಗಿಯನ್ನು ಕರೆಸಿದೆ. ಕ್ಲಾಸಿನಲ್ಲಿ ಬಾಯಿ ಬಿಡದ, ಹಿಂದಿನ ಬೆಂಚಿನ ಹುಡುಗಿ.

"ಯಾಕಮ್ಮಾ ಅಳಿಸಿದೆ?"

"ಎಲ್ಲರದ್ದೂ 7 ಇತ್ತು ಮೇಡಂ. ನಂದೇ ತಪ್ಪಿರಬೇಕು ಅಂದ್ಕೊಂಡೆ."

"ಮಣ್ಣು ಎಲ್ಲಿದು?"

"ನಮ್ಮ ತೋಟದ್ದೇ. ಕಾಫಿ ಗಿಡದ ಬುಡದ್ದು."

"ಅಪ್ಪ ತೋಟಕ್ಕೆ ಸುಣ್ಣ ಹಾಕಿಸ್ತಾರಾ?"

"ಹೂಂ ಮೇಡಂ. ಮಣ್ಣು ಪರೀಕ್ಷೆ ಮಾಡಿಸಿದ್ರು, ಹುಳಿ ಜಾಸ್ತಿ ಅಂತ ಬಂದಿತ್ತು."

"ಹಾಗಾದ್ರೆ 5 ಸರಿ ಅಂತ ನಿಂಗೆ ಗೊತ್ತಿತ್ತಲ್ಲ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಅದು ತೋಟದ ವಿಷಯ ಮೇಡಂ. ಇದು ರೆಕಾರ್ಡ್ ಅಲ್ವಾ?"

ಆ ಮಾತು ಆವತ್ತಿನಿಂದ ತಲೆಯಿಂದ ಹೋಗುತ್ತಿಲ್ಲ. ಅವಳಿಗೆ ಮಾತನಾಡಿ ಜಾಣತನ ತೋರಿಸುವ ಅಭ್ಯಾಸವಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತೋಟದಲ್ಲಿ ಆ ಅಂಕಿಗೆ ಬೆಲೆ ಇದೆ. ಕಾಫಿಗೆ 6ರಿಂದ 6.5ರ ಆಸುಪಾಸು ಹಿತ. ಅದಕ್ಕಿಂತ ತೀರಾ ಇಳಿದರೆ ಹಾಕಿದ ರಂಜಕವನ್ನು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ, ಬೇರಿಗೆ ಸಿಗುವುದಿಲ್ಲ. 5ಕ್ಕೂ 7ಕ್ಕೂ ಎರಡೇ ಅಂಕಿಯ ವ್ಯತ್ಯಾಸ ಅಂತ ಕಾಣುತ್ತದೆ, ಆದರೆ ಹುಳಿಯ ಲೆಕ್ಕದಲ್ಲಿ ಅದು 100 ಪಟ್ಟು. ಅವಳ ಅಪ್ಪ ಆ ಅಂಕಿ ನಂಬಿಯೇ ಹುಳಿ ತಗ್ಗಲಿ ಅಂತ ದುಡ್ಡು ಕೊಟ್ಟು ಸುಣ್ಣದ ಮೂಟೆ ಇಳಿಸುತ್ತಾರೆ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇರುವುದೂ ಇಂಥ ಕೆಲಸಕ್ಕೇ. ಅಂಥ ಮನೆಯ ಮಗಳು, ತಾನೇ ಮಣ್ಣು ಕಲಕಿ, ಸೋಸಿ, ಪೇಪರ್ ಅದ್ದಿ, ಬಣ್ಣ ಹೋಲಿಸಿ ಕಂಡುಕೊಂಡಿದ್ದನ್ನು ಲ್ಯಾಬಿನಲ್ಲಿ ಕೂತು ರಬ್ಬರ್ ಹಾಕಿ ಉಜ್ಜಿದ್ದಾಳೆ.

ಸ್ಟಾಫ್ ರೂಮಿನಲ್ಲಿ ಹೇಳಿದಾಗ ಹಿರಿಯ ಸಹೋದ್ಯೋಗಿಯೊಬ್ಬರು, "ಬಿಡಿ ಮೇಡಂ, ಎಕ್ಸ್‌ಟರ್ನಲ್ ಎಕ್ಸಾಮಿನರ್ ಬಂದು ನೋಡಿದ್ರೆ ರೆಕಾರ್ಡ್ ನೀಟಾಗಿ ಕಂಡ್ರೆ ಸಾಕು" ಅಂದರು. ಮಕ್ಕಳ ಫೀಸಿಗೆ ಕೈಯಿಂದ ಹಾಕುವ ಮನುಷ್ಯ ಅವರು, ಮಾರ್ಕ್ಸ್ ಹೋಗಬಾರದು ಎಂಬ ಕಾಳಜಿಯೇ ಅದು. ಆದರೂ ಒಪ್ಪಲು ಆಗಲಿಲ್ಲ. ಜೀವಕೋಶ ವಿಭಜನೆಯ ಪ್ರಯೋಗದ್ದೂ ಇದೇ ಕಥೆ. ಈರುಳ್ಳಿ ಬೇರಿನ ಸ್ಲೈಡ್ ನೋಡಿದರೆ ಬಹುಪಾಲು ಜೀವಕೋಶಗಳು ಇನ್ನೂ ವಿಭಜನೆಗೇ ಇಳಿದಿರುವುದಿಲ್ಲ, ಅನಾಫೇಸ್ ಎಂಬ ವಿಭಜನೆಯ ಹಂತ ಹುಡುಕಲು ಕಣ್ಣು ನೋಯುತ್ತದೆ. ರೆಕಾರ್ಡಿನಲ್ಲಿ ಮಾತ್ರ ಎಲ್ಲರಿಗೂ ನಾಲ್ಕೂ ಹಂತ ಪುಸ್ತಕದ ಚಿತ್ರದಷ್ಟೇ ಸ್ಪಷ್ಟವಾಗಿ ಸಿಕ್ಕಿರುತ್ತವೆ. ಕ್ಲಾಸಿಗೇ ಮೊದಲು ಬರುವ ಹುಡುಗನ ಪುಸ್ತಕವೂ ಹಾಗೇ. ಅವನ ಬುದ್ಧಿಯ ಬಗ್ಗೆ ನನಗೆ ಅನುಮಾನವಿಲ್ಲ, ಆ ಪುಟದ ಬಗ್ಗೆ ಇದೆ.

ಈ ಮಕ್ಕಳಲ್ಲಿ ಕೆಲವರು ನರ್ಸಿಂಗಿಗೆ ಹೋಗುತ್ತಾರೆ, ಕೆಲವರು ಲ್ಯಾಬ್ ಟೆಕ್ನಿಷಿಯನ್ ಆಗುತ್ತಾರೆ. ನಾಳೆ ಯಾರದೋ ರಕ್ತದಲ್ಲಿ ಎಲ್ಲರಿಗೂ ಬರುವಂಥದ್ದಲ್ಲದ ಒಂದು ಅಂಕಿ ಬರುತ್ತದೆ. ಕಾಯಿಲೆಯ ಸುಳಿವು ಇರುವುದೇ ಅದರಲ್ಲಿ. ಆಗ 'ನಂದೇ ತಪ್ಪಿರಬೇಕು' ಅಂತ ಸುಮ್ಮನೆ ಅಳಿಸಬಾರದು. ತಪ್ಪಿರಬಹುದು ಅನ್ನಿಸಿದರೆ ಇನ್ನೊಂದು ಸಲ ಪರೀಕ್ಷೆ ಮಾಡಬೇಕು. ಪಕ್ಕದವರ ಪುಸ್ತಕ ನೋಡಿ ತಿದ್ದುವುದು ಪರೀಕ್ಷೆಯಲ್ಲ. ಹದಿನೇಳರ ವಯಸ್ಸಿನಲ್ಲಿ ಇದು ರೂಢಿಯಾಗದಿದ್ದರೆ ಆಮೇಲೆ ಕಲಿಸುವವರು ಯಾರು?

ಮರುದಿನ ಅವಳು ತೋಟದ ಮಣ್ಣು ಮತ್ತೆ ತಂದಳು. ಎಲ್ಲರ ಎದುರಿಗೇ ಪರೀಕ್ಷೆ ಮಾಡಿಸಿದೆ. ಮತ್ತೆ 5. ಪೆನ್ನಿನಲ್ಲಿ ಬರೆಸಿ, ಪಕ್ಕದಲ್ಲಿ ಮಳೆ, ಗೊಬ್ಬರ, ಸುಣ್ಣದ ಕಾರಣವನ್ನು ಅವಳ ಮಾತಿನಲ್ಲೇ ಬರೆಸಿ ಪೂರ್ತಿ ಮಾರ್ಕ್ಸ್ ಕೊಟ್ಟೆ. ಉಳಿದವರ ಆ ಪುಟಕ್ಕೆ ಸಹಿ ಹಾಕಿಲ್ಲ. ಸೋಮವಾರ ಅವರವರ ಊರಿನ ಮಣ್ಣು ತರಬೇಕು, ಮನೆಯಲ್ಲಿ ಆ ಮಣ್ಣಿಗೆ ಏನು ಹಾಕುತ್ತಾರೆ, ಯಾಕೆ ಹಾಕುತ್ತಾರೆ ಅಂತ ಅಪ್ಪ ಅಮ್ಮನನ್ನು ಕೇಳಿ ಬರೆದುಕೊಂಡು ಬರಬೇಕು ಅಂತ ಹೇಳಿದ್ದೇನೆ.