ಹತ್ತು ನಿಮಿಷದಲ್ಲಿ ಕೊಟ್ಟ ಟಿಸಿ

ದಾವಣಗೆರೆಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕ. ಅಡ್ಮಿಷನ್, ಇಲ್ಲೇ ಓದ್ತಿದ್ದಾರೆ ಅನ್ನೋ ಬೋನಫೈಡ್, ಕಾಲೇಜು ಬಿಡೋವಾಗ ಕೊಡೋ ಟಿಸಿ (ವರ್ಗಾವಣೆ ಪತ್ರ) ಎಲ್ಲಾ ನನ್ನ ಟೇಬಲ್ಲೇ. ಆಫೀಸಿನವರು ಸುಮ್ನೆ ಅಲೆದಾಡಿಸುತ್ತಾರೆ ಅನ್ನೋ ಬೈಗುಳ ಕೇಳಿ ಕೇಳಿ ಸಾಕಾಗಿತ್ತು. ಅವತ್ತು ಒಂದು ಟಿಸಿಯನ್ನು ಹತ್ತೇ ನಿಮಿಷದಲ್ಲಿ ಬರೆದುಕೊಟ್ಟೆ. ಒಳ್ಳೆಯವನಾಗೋ ಆಸೆ, ಮತ್ತೇನಿಲ್ಲ.

ಹುಡುಗಿ ಬಿಎಸ್ಸಿ, ಎರಡನೇ ಸೆಮಿಸ್ಟರ್ ಮುಗಿಸಿದ್ದಳು. ಊರು ಐಮಂಗಲದ ಹತ್ತಿರ. ತಾಯಿಗೆ ಹುಷಾರಿಲ್ಲ. ಚಿತ್ರದುರ್ಗದ ಕಾಲೇಜಿಗೆ ಸೇರಿದರೆ ಹಾಸ್ಟೆಲ್ ಬಿಟ್ಟು ಮನೆಯಿಂದಲೇ ಓಡಾಡಬಹುದು. ಜೊತೆಗೆ ಬಂದಿದ್ದ ಅಪ್ಪ, "ಅಲ್ಲಿ ಸೀಟ್ ಐತಂತೆ ಸರ್, ಟಿಸಿ ತಗೊಂಡ್ ಬರ್ರಿ ಅಂದಾರೆ" ಅಂದರು.

ಶಿವಮೊಗ್ಗ ಕಡೆಗೆ ಹೋಗೋದಾಗಿದ್ದರೆ ಅದು ಕುವೆಂಪು ವಿಶ್ವವಿದ್ಯಾಲಯ. ಮೈಗ್ರೇಷನ್, ಎಲಿಜಿಬಿಲಿಟಿ ಅಂತ ಫೈಲ್ ದಪ್ಪ ಆಗುತ್ತೆ, ನಾನೂ ಹುಷಾರಾಗಿರುತ್ತಿದ್ದೆ. ಆದರೆ 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಶುರುವಾದ ಮೇಲೆ ನಾವೂ ದುರ್ಗದವರೂ ಒಂದೇ ಮನೆ. ಇದೇನು ಮಹಾ ಅಂದುಕೊಂಡೆ. ಬಾಕಿ ಏನಿಲ್ಲ ಅನ್ನೋ ನೋ ಡ್ಯೂ ನೋಡಿದೆ, ಪೋರ್ಟಲ್‌ನಲ್ಲಿ ಅಡ್ಮಿಷನ್ ಕ್ಯಾನ್ಸಲ್ ಮಾಡಿಸಿದೆ, ಸೀಲ್ ಹೊಡೆದೆ.

ಮರುದಿನ ಮಧ್ಯಾಹ್ನ ಮೂರು ಗಂಟೆಗೆ ದುರ್ಗದ ಕಾಲೇಜಿನ ಕೇಸ್ ವರ್ಕರ್ ಫೋನ್ ಮಾಡಿದರು. "ಅಲ್ರೀ, ನಿಮ್ಮ ಹುಡುಗೀದು ಫಿಸಿಕ್ಸ್, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್. ನಮ್ಮಲ್ಲಿ ಸೀಟ್ ಇರೋದು ಪಿಸಿಎಂಗೆ. ಎರಡು ಸೆಮಿಸ್ಟರ್ ಕೆಮಿಸ್ಟ್ರೀನೇ ಓದದಿದ್ದವಳನ್ನ ಮೂರಕ್ಕೆ ಹೆಂಗ್ ಕೂರಿಸ್ಲಿ? ಟಿಸಿ ಯಾಕ್ ಕೊಟ್ರಿ?"

ಯಾಕೆ ಕೊಟ್ಟೆ? ಮೊದಲು ಸೇರಿಸಿಕೊಳ್ಳೋ ಕಾಲೇಜಿನ ಒಪ್ಪಿಗೆ ಪತ್ರ, ಅದರಲ್ಲಿ ಕಾಂಬಿನೇಷನ್ ಬರೆದಿರಬೇಕು. ಆಮೇಲೆ ನಮ್ಮ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ), ಯೂನಿವರ್ಸಿಟಿ ಆದೇಶ. ಟಿಸಿ ಕಟ್ಟಕಡೆಗೆ. ಹೊಸದಾಗಿ ಬಂದ ಎಸ್‌ಡಿಎಗೆ (ದ್ವಿತೀಯ ದರ್ಜೆ ಸಹಾಯಕನಿಗೆ) ಇದನ್ನು ಹೇಳಿಕೊಟ್ಟವನೇ ನಾನು. "ಸೀಟ್ ಐತಂತೆ" ಅನ್ನೋದು ಒಪ್ಪಿಗೆ ಪತ್ರ ಅಲ್ಲ. ಅದೂ ಈಗಿನ ಕಾಲದಲ್ಲಿ! 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, 2024ರಲ್ಲಿ ಅದು ಹೋಗಿ ಎಸ್‌ಇಪಿ (ರಾಜ್ಯ ಶಿಕ್ಷಣ ನೀತಿ) ಬಂತು. ಸೀನಿಯರ್‌ಗೆ ಒಂದು ಸ್ಕೀಮ್, ಜೂನಿಯರ್‌ಗೆ ಇನ್ನೊಂದು. ಕಾಂಬಿನೇಷನ್ ಕೇಳದೆ ಸೀಲ್ ಮುಟ್ಟಲೇಬಾರದಿತ್ತು.

ಅವತ್ತೇ ಮೂರನೇ ಸೆಮಿಸ್ಟರ್ ಅಡ್ಮಿಷನ್‌ಗೆ ಕೊನೆ ದಿನ. ಹುಡುಗಿ ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಒರಿಜಿನಲ್ ಟಿಸಿ ತಗೊಂಡು ತಕ್ಷಣ ಬಸ್ ಹತ್ತಿ ಅಂತ ಅಪ್ಪನಿಗೆ ಹೇಳಿದೆ. ವಾಪಸ್ ಸೇರಿಸಿಕೊಳ್ಳಲು ಪ್ರಿನ್ಸಿಪಾಲ್ ಲಾಗಿನ್ ಬೇಕು. ಒಟಿಪಿ ಹೋಗೋದು ಅವರ ಸ್ವಂತ ಮೊಬೈಲ್‌ಗೆ. ಅವರು ಮೀಟಿಂಗ್‌ನಲ್ಲಿ, ಮೊಬೈಲ್ ಸೈಲೆಂಟ್.

ಎಷ್ಟು ಸಲ ಕಾಲ್ ಮಾಡಿದೆನೋ ಲೆಕ್ಕ ಇಲ್ಲ. ಕೊನೆಗೆ ಅಟೆಂಡರ್‌ನನ್ನು ಬೈಕಿನಲ್ಲಿ ಓಡಿಸಿದೆ. ನಾಲ್ಕೂ ಇಪ್ಪತ್ತಕ್ಕೆ ಅವನು ಒಟಿಪಿ ಓದಿ ಹೇಳಿದ. ಟೈಪ್ ಮಾಡಿದೆ, ಟೈಮ್ ಮುಗಿದಿತ್ತು. ಎರಡನೇ ಸಲ ಪೇಜ್ ತಿರುಗುತ್ತಾ ನಿಂತಿತು. ರಿಫ್ರೆಶ್ ಒತ್ತಲೋ ಬೇಡವೋ? ಬೆರಳು ಮೌಸ್ ಮೇಲೆ, ಕಣ್ಣು ಗೋಡೆ ಗಡಿಯಾರದ ಮೇಲೆ. ಒತ್ತಲಿಲ್ಲ. ಮೂರನೇ ಒಟಿಪಿಗೆ, ಐದಕ್ಕೆ ಏಳು ನಿಮಿಷ ಇರುವಾಗ, ರಿಕ್ವೆಸ್ಟ್ ಹೋಯಿತು. ಅಷ್ಟರಲ್ಲಿ ಅಪ್ಪ ಮಗಳು ಬಾಗಿಲಲ್ಲಿ ನಿಂತಿದ್ದರು. ಟಿಸಿಯನ್ನು ರಿಜಿಸ್ಟರ್‌ಗೆ ಅಂಟಿಸಿ ಅಡ್ಡಗೆರೆ ಎಳೆದೆ. ನಾಲ್ಕು ದಿನದ ಮೇಲೆ ಅಪ್ರೂವಲ್ ಬಂತು.

ಹೊರಡುವಾಗ ಆ ಅಪ್ಪ ಕೈ ಮುಗಿದು, "ನಿಮ್ಮಿಂದ ದೊಡ್ಡ ಉಪಕಾರ ಆತು ಸರ್" ಅಂದರು. ತಪ್ಪು ನನ್ನದೇ ಅಂತ ಹೇಳಬೇಕಿತ್ತು. "ಇರ್ಲಿ ಬಿಡಿ ಯಜಮಾನ್ರೇ" ಅಂದೆ! ಈಗಲೂ ಆ ಮಾತು ನೆನಪಾದರೆ ಮೈ ಉರಿಯುತ್ತೆ.

ಒಟಿಪಿಗೆ ಆಫೀಸಿನದೇ ಒಂದು ನಂಬರ್ ಇರಲಿ ಅಂತ ಟಿಪ್ಪಣಿ ಮಂಡಿಸಿದ್ದೇನೆ. "ಚರ್ಚಿಸಿ" ಅಂತ ಷರಾ ಬಿದ್ದು ಫೈಲ್ ಮಲಗಿದೆ. ಹುಡುಗಿ ನಮ್ಮಲ್ಲೇ ಓದುತ್ತಿದ್ದಾಳೆ, ಪ್ರತಿ ಶನಿವಾರ ಸಂಜೆ ಊರ ಬಸ್ ಹತ್ತುತ್ತಾಳೆ. ಮೊನ್ನೆ ಸ್ಕಾಲರ್‌ಶಿಪ್‌ಗೆ ಬೋನಫೈಡ್ ಬೇಕು ಅಂತ ಬಂದಿದ್ದಳು. ಬರೆದುಕೊಟ್ಟೆ. ಅಪ್ಪನಷ್ಟು ಮುಗ್ಧೆ ಅಲ್ಲ ಅವಳು. ಕೌಂಟರಿನಲ್ಲೇ ನಿಂತು ಮೇಲಿನಿಂದ ಕೆಳಗಿನವರೆಗೆ ಓದಿದಳು. ಆಮೇಲೆ ಕೇಳಿದಳು: "ಸರ್, ಇದು ಬೋನಫೈಡೇ ಅಲ್ವಾ?"